ಬೆಚ್ಚನೆಯ ಕಡಲಿಗೆ ಎಂಥ ವೆಟ್‌ಸೂಟ್ ಬೇಕು?

ಪ್ರಶ್ನೆ: ನಾವು ಮೂಲತಃ ಧಾರವಾಡದವರು; ಹತ್ತು ವರ್ಷಗಳಿಂದ ಪುಣೆಯ ಚಿಂಚವಡದಲ್ಲಿದ್ದೇವೆ. ಈ ಡಿಸೆಂಬರಿನಲ್ಲಿ ನಾನು, ನನ್ನ ಹೆಂಡತಿ ಮತ್ತು 11 ವರ್ಷದ ಮಗಳು ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ತರಬೇತಿಗೆ ಸೇರುತ್ತಿದ್ದೇವೆ. ಈಜುಕೊಳದ ಪಾಠಗಳು ಪುಣೆಯಲ್ಲಿ, ಕಡಲಿನ ಪಾಠಗಳು ಜನವರಿಯಲ್ಲಿ ಗೋವಾದಲ್ಲಿ. ಮೇ ತಿಂಗಳ ಮೊದಲಲ್ಲಿ ಅಂಡಮಾನಿಗೆ ಹೋಗುವ ಯೋಚನೆಯೂ ಇದೆ. ಮುಂಬಯಿಯ ಅಂಗಡಿಯೊಂದರಲ್ಲಿ 5 ಮಿ.ಮೀ. ದಪ್ಪದ, ಮೈಗಂಟುವ ರಬ್ಬರಿನ ಡೈವಿಂಗ್ ಉಡುಪಾದ ವೆಟ್‌ಸೂಟ್ ಕೊಂಡರೆ ಎಲ್ಲ ಕಡೆಗೂ ಆಗುತ್ತದೆ ಎಂದರು. ಡೈವಿಂಗ್ ಮಾಡಿ ಬಂದ ಗೆಳೆಯರು, ನಮ್ಮ ಕಡಲು ಬೆಚ್ಚಗಿರುತ್ತದೆ, ಟೀ ಶರ್ಟ್ ಸಾಕು ಎನ್ನುತ್ತಾರೆ. ಆನ್‌ಲೈನಿನಲ್ಲಿ ಗಿಡ್ಡ ತೋಳು, ಗಿಡ್ಡ ಕಾಲಿನ ಶಾರ್ಟಿ ಅಗ್ಗವಾಗಿ ಸಿಗುತ್ತಿದೆ. ನಾನು ತೆಳ್ಳಗಿದ್ದೇನೆ, ಬೇಗ ಚಳಿಯಾಗುತ್ತದೆ. ಹೆಂಡತಿಗೆ ಬಿಗಿಯಾದ ಉಡುಪು ತೊಟ್ಟರೆ ಉಸಿರುಗಟ್ಟೀತೆಂಬ ಅಳುಕು. ನಾವು ಏನು ಕೊಳ್ಳಬೇಕು?

ಉತ್ತರ: ನಿಮ್ಮ ಮೂವರಿಗೂ ಒಂದೇ ಉತ್ತರ ಹೇಳಲಾಗುವುದಿಲ್ಲ, ಆದರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೂ ನಿಮ್ಮ ಪತ್ನಿಗೂ 3 ಮಿ.ಮೀ. ದಪ್ಪದ, ಮಣಿಕಟ್ಟಿನಿಂದ ಕಣಕಾಲಿನವರೆಗೆ ಮುಚ್ಚುವ ಪೂರ್ಣ ವೆಟ್‌ಸೂಟ್ ಸರಿಯಾದದ್ದು. 5 ಮಿ.ಮೀ. ಬೇಡ. ಶಾರ್ಟಿ ಬೇಡ. ಮಗಳಿಗೆ ಈಗ ಏನನ್ನೂ ಕೊಳ್ಳಬೇಡಿ. ನೀವಿಬ್ಬರೂ ಕೂಡ ಮೊದಲ ನಾಲ್ಕಾರು ಡೈವ್‌ಗಳನ್ನು ಬಾಡಿಗೆಯ ಸೂಟಿನಲ್ಲೇ ಮುಗಿಸಿ, ನಿಮ್ಮ ಮೈ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದ ಮೇಲೆ ಕೊಳ್ಳುವುದು ಒಳ್ಳೆಯದು. ನಾನು ಕಾರವಾರದವನು, ಹದಿನಾರು ವರ್ಷಗಳಿಂದ ವಾಸ್ಕೋದಲ್ಲಿದ್ದು ಡೈವಿಂಗ್ ಕಲಿಸುತ್ತಿದ್ದೇನೆ. ಈ ಅವಧಿಯಲ್ಲಿ ದಪ್ಪ ಸಾಲದೆ ತೊಂದರೆಪಟ್ಟವರಿಗಿಂತ ಅಳತೆ ಸರಿಯಾಗದೆ ತೊಂದರೆಪಟ್ಟವರನ್ನೇ ಹೆಚ್ಚಾಗಿ ಕಂಡಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ಮಿ.ಮೀ. ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ.

ನಿಮ್ಮ ಗೆಳೆಯರ ಮಾತಿನಿಂದ ಆರಂಭಿಸೋಣ. ನಮ್ಮ ಕಡಲು ಬೆಚ್ಚಗಿರುವುದು ನಿಜ. ಆದರೆ 28 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ ಗಾಳಿಯಲ್ಲಿ ಒಂದು ಅರ್ಥ ಕೊಡುತ್ತದೆ, ನೀರಿನಲ್ಲಿ ಇನ್ನೊಂದು. ಜಗಲಿಯಲ್ಲಿ 28 ಡಿಗ್ರಿ ಇದ್ದರೆ ನಾವು ಬನಿಯನ್ನಿನಲ್ಲಿ ಹಾಯಾಗಿ ಕುಳಿತಿರುತ್ತೇವೆ. ಅಷ್ಟೇ ಬಿಸಿಯಿರುವ ಕೆರೆಯಲ್ಲಿ ಮಕ್ಕಳು ಒಂದು ಗಂಟೆ ಆಡಿದರೆ ತುಟಿ ನೀಲಿಗಟ್ಟಿ, ಹಲ್ಲು ಕಟಕಟಿಸುತ್ತ ದಡಕ್ಕೆ ಬರುತ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಮೈಯಿಂದ ಹೊರಗೆ ಒಯ್ಯುತ್ತದೆ. ನಮ್ಮ ಚರ್ಮದ ಮೇಲ್ಮೈ ಸಾಮಾನ್ಯವಾಗಿ 33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತಣ್ಣಗಿನ ಯಾವ ನೀರಾದರೂ ನಮ್ಮಿಂದ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಈಜುವವನು ಕೈಕಾಲು ಆಡಿಸುತ್ತ ಹೊಸ ಶಾಖವನ್ನು ಹುಟ್ಟಿಸಿಕೊಳ್ಳುತ್ತಾನೆ. ಡೈವರ್ ಹಾಗಲ್ಲ. ಗಾಳಿ ಉಳಿಸಲು, ಮೀನನ್ನು ಬೆದರಿಸದಿರಲು, ಆತ ಆದಷ್ಟು ಅಲುಗಾಡದೆ ನಲವತ್ತೈದು ನಿಮಿಷ ತೇಲುತ್ತಿರುತ್ತಾನೆ. ಅನಂತರ ಒದ್ದೆ ಮೈಯಲ್ಲಿ ದೋಣಿಯ ಮೇಲೆ ಗಾಳಿಗೆ ಒಡ್ಡಿಕೊಂಡು ಕುಳಿತು, ಒಂದು ಗಂಟೆ ಕಳೆದು ಮತ್ತೆ ಇಳಿಯುತ್ತಾನೆ. ಮೊದಲ ಡೈವ್‌ನಲ್ಲಿ ಕಳೆದುಕೊಂಡ ಶಾಖ ಅಷ್ಟರಲ್ಲಿ ಪೂರ್ತಿ ಮರಳಿರುವುದಿಲ್ಲ. ಟೀ ಶರ್ಟ್ ಸಾಕು ಎನ್ನುವವರಲ್ಲಿ ಹೆಚ್ಚಿನವರು ಬೋಧಕರ ಕೈ ಹಿಡಿದು ಹದಿನೈದು ನಿಮಿಷ ಇಳಿದು ಬಂದ ಪ್ರವಾಸಿಗರು. ಅಷ್ಟು ಹೊತ್ತಿಗೆ ಅವರ ಮಾತು ಸರಿಯೇ. ನೀವು ಕಲಿಯಲು ಹೊರಟಿರುವುದು ಬೇರೆ.

ವೆಟ್‌ಸೂಟ್ ಹೇಗೆ ಬೆಚ್ಚಗಿಡುತ್ತದೆ ಎಂಬುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಾಲದಿಂದ ನಡೆದುಬಂದಿದೆ. ಸೂಟಿನೊಳಗೆ ಹೊಕ್ಕ ನೀರು ಮೈಶಾಖದಿಂದ ಬಿಸಿಯಾಗಿ ಕಂಬಳಿಯಂತೆ ಕೆಲಸ ಮಾಡುತ್ತದೆ ಎಂದು ಅನೇಕ ಬೋಧಕರೇ ಹೇಳುತ್ತಾರೆ. ನಿಜವಾಗಿ ಶಾಖವನ್ನು ತಡೆಯುವುದು ನೀರಲ್ಲ, ನಿಯೊಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನೊಳಗೆ ಸಿಕ್ಕಿಕೊಂಡಿರುವ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ನಿಯೊಪ್ರೀನ್ ರಬ್ಬರನ್ನು ಅಮೆರಿಕದ ಡ್ಯೂಪಾಂಟ್ ಕಂಪನಿಯ ವಿಜ್ಞಾನಿಗಳು 1930ರಲ್ಲಿ ತಯಾರಿಸಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಮುಳುಗುಗಾರರಿಗಾಗಿ ಉಡುಪಿನ ವಿಷಯವನ್ನು ಯೋಚಿಸುತ್ತಿದ್ದಾಗ, ಬಟ್ಟೆಯೊಳಗೇ ಅನಿಲ ಹಿಡಿದಿಟ್ಟರೆ ಡೈವರ್ ಒಣಗಿರಲೇಬೇಕೆಂದಿಲ್ಲ, ಒದ್ದೆಯಾಗಿದ್ದರೂ ಬೆಚ್ಚಗಿರಬಹುದು ಎಂಬುದನ್ನು ಮನಗಂಡರು. ವೆಟ್‌ಸೂಟ್ ಹುಟ್ಟಿದ್ದು ಆ ಒಂದು ಹೊಳಹಿನಿಂದ. ಒಳಗೆ ಬಂದ ನೀರು ಮಾಡಬೇಕಾದ ಕೆಲಸ ಒಂದೇ: ಇದ್ದಲ್ಲೇ ಇರುವುದು. ಅದು ತೆಳುವಾದ ಪದರವಾಗಿ ಮೈಗಂಟಿ ನಿಂತರೆ ಕೇಡಿಲ್ಲ. ಪ್ರತಿ ಚಲನೆಗೂ ಹೊರಹೋಗಿ ಹೊಸ ನೀರು ಬರುತ್ತಿದ್ದರೆ ನಿಮ್ಮ ಮೈ ಇಡೀ ಅರಬ್ಬೀ ಸಮುದ್ರವನ್ನು ಬಿಸಿಮಾಡಲು ಹೊರಟಂತೆ. ಸಡಿಲವಾದ 5 ಮಿ.ಮೀ. ಸೂಟಿಗಿಂತ ಮೈಗೊಪ್ಪಿದ 3 ಮಿ.ಮೀ. ಸೂಟ್ ಬೆಚ್ಚಗಿರುವುದು ಈ ಕಾರಣಕ್ಕೆ.

ಈ ಗುಳ್ಳೆಗಳಿಗೆ ಇನ್ನೊಂದು ಗುಣವಿದೆ. ಆಳಕ್ಕೆ ಹೋದಂತೆ ಅವು ಕುಗ್ಗುತ್ತವೆ. ಮೇಲ್ಮೈಯಲ್ಲಿ ಒಂದು ವಾತಾವರಣದಷ್ಟಿರುವ ಒತ್ತಡ 10 ಮೀಟರಿನಲ್ಲಿ ಎರಡರಷ್ಟಾಗುತ್ತದೆ. ನಿಮ್ಮ ತರಬೇತಿಯ ಮಿತಿಯಾದ 18 ಮೀಟರಿನಲ್ಲಿ 2.8ರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟು. ಸೂಟ್ ತೆಳುವಾಗುತ್ತದೆ, ಶಾಖ ತಡೆಯುವ ಶಕ್ತಿ ಇಳಿಯುತ್ತದೆ, ತೇಲಿಸುವ ಶಕ್ತಿಯೂ ಇಳಿಯುತ್ತದೆ. ಮೇಲೆ ಬರುವಾಗ ಇವೆಲ್ಲವೂ ಮರಳಿ ಬರುತ್ತವೆ. ಸೂಟ್ ದಪ್ಪವಾದಷ್ಟೂ ಈ ಏರಿಳಿತ ದೊಡ್ಡದು. ಹೊಸದಾಗಿ ಕಲಿಯುವವರಿಗೆ ನೀರಿನ ನಡುವೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಲ್ಲುವುದೇ ಅತ್ಯಂತ ಕಷ್ಟದ ಪಾಠ. ಅವರ ಮೈಮೇಲೆ 5 ಮಿ.ಮೀ. ಹೊದಿಸಿದರೆ, ಇಳಿಯಲು ಇನ್ನೆರಡು ಕಿಲೋ ಸೀಸವನ್ನು ಸೊಂಟಕ್ಕೆ ಕಟ್ಟಬೇಕು. ತಳಕ್ಕೆ ಹೋದಾಗ ಸೂಟ್ ಕುಗ್ಗಿ ಆ ಸೀಸ ಭಾರವಾಗುತ್ತದೆ. ಅದನ್ನು ಸರಿದೂಗಿಸಲು, ತೇಲುವಿಕೆಯನ್ನು ಹೊಂದಿಸಿಕೊಳ್ಳಲು ತೊಡುವ ಜಾಕೆಟ್ಟಿಗೆ ಗಾಳಿ ತುಂಬಬೇಕು. ಮೇಲೇರುವಾಗ ಜಾಕೆಟ್ಟಿನ ಗಾಳಿಯೂ ಸೂಟಿನ ಗುಳ್ಳೆಗಳೂ ಒಟ್ಟಿಗೆ ಹಿಗ್ಗಿ ಮೇಲಕ್ಕೆ ಎಳೆಯುತ್ತವೆ. ಬೇಕಿಲ್ಲದ ದಪ್ಪಕ್ಕೆ ಕೊಡುವ ಬೆಲೆ ಇದು. ಎಲ್ಲ ಕಡೆಗೂ ಆಗುತ್ತದೆ ಎಂದು ಅಂಗಡಿಯವರು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವಿರಲಾರದು, ಆದರೆ ನೀವು ಹೋಗಲಿರುವ ಕಡಲುಗಳಿಗೆ ಆ ಸಲಹೆ ಹೊಂದುವುದಿಲ್ಲ.

ಆ ಕಡಲುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೋವಾದಲ್ಲಿ ಮಳೆಗಾಲದಲ್ಲಿ ಡೈವಿಂಗ್ ನಿಂತಿದ್ದು ಅಕ್ಟೋಬರಿನಲ್ಲಿ ಮತ್ತೆ ಆರಂಭವಾಗುತ್ತದೆ. ಜನವರಿಯಲ್ಲಿ ಮೇಲ್ಮೈ ನೀರು ಸುಮಾರು 27ರಿಂದ 28 ಡಿಗ್ರಿ, ಏಪ್ರಿಲ್ ಮತ್ತು ಮೇ ಹೊತ್ತಿಗೆ 30ರ ಸಮೀಪ. ಹೆಚ್ಚಿನವರಿಗೆ ತಿಳಿಯದ ಸಂಗತಿಯೆಂದರೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ನೀರು ತಣ್ಣಗಿರುವುದು ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲ್ಮುಖವಾಗಿ ದಡದ ಕಡೆಗೆ ಏರಿ ಬರುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ತೆಳುವಾದ ಮುಚ್ಚಳದಂತೆ ಹರಡಿರುತ್ತದೆ. ಈ ಕ್ರಿಯೆಯನ್ನು, ಅದರ ಜೊತೆಗೆ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದನ್ನು, ಇಲ್ಲೇ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ದೀರ್ಘಕಾಲದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅಕ್ಟೋಬರಿನ ಮೊದಲ ಡೈವ್‌ಗಳಲ್ಲಿ ಮೇಲೆ ಬೆಚ್ಚಗಿದ್ದು, ಏಳೆಂಟು ಮೀಟರ್ ಇಳಿಯುತ್ತಿದ್ದಂತೆ ಯಾರೋ ತಣ್ಣೀರಿನ ತೊಟ್ಟಿಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಚಳಿ ಹೊಡೆಯುವುದುಂಟು. ನೀವು ಜನವರಿಯಲ್ಲಿ ಬರುವುದರಿಂದ ಆ ಚಿಂತೆ ಅಷ್ಟಾಗಿ ಇಲ್ಲ. ಆದರೆ ಇದರಿಂದ ಕಲಿಯಬೇಕಾದದ್ದು ಇದೆ: ಸೂಟನ್ನು ದಡದ ಬಿಸಿಲು ನೋಡಿ ಆರಿಸಬಾರದು, ದೋಣಿಯ ಬದಿಯಲ್ಲಿ ಕೈಯಿಳಿಬಿಟ್ಟು ನೀರನ್ನು ಮುಟ್ಟಿ ನೋಡಿಯೂ ಆರಿಸಬಾರದು. ನೀವು ಹೆಚ್ಚು ಹೊತ್ತು ಇರುವ ಆಳದ ನೀರು ಎಷ್ಟು ಡಿಗ್ರಿ, ಆ ದಿನದ ಕೊನೆಯ ಡೈವ್ ಮುಗಿಯುವಾಗ ನಿಮಗೆ ಹೇಗಿರುತ್ತದೆ ಎಂಬುದೇ ಮುಖ್ಯ.

ಗೋವಾದ ಗ್ರಾಂದೆ ದ್ವೀಪದ ಸುತ್ತಲಿನ ಹೆಚ್ಚಿನ ತಾಣಗಳು ಆಳವಿಲ್ಲ, ನೋಟ (ನೀರಿನೊಳಗೆ ಕಣ್ಣಿಗೆ ಕಾಣುವ ದೂರ) ಮಾತ್ರ ಹಲವು ದಿನ ಕೆಲವೇ ಮೀಟರು. ಮುಂದೆ ನೀವು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಮನಸ್ಸು ಮಾಡಿದರೆ, ಕನ್ನಡಿಗರಾಗಿ ಹೋಗಲೇಬೇಕು, ಅಲ್ಲಿಯೂ ಇದೇ ಸೂಟ್ ಸಾಕು. ದೋಣಿಯ ಪ್ರಯಾಣ ಉದ್ದ, ಹಿಂತಿರುಗುವಾಗ ಗಾಳಿಯಿಂದ ಕಾಪಾಡಿಕೊಳ್ಳಲು ಮೇಲಂಗಿ ಇಟ್ಟುಕೊಳ್ಳಬೇಕು. ಮಾಲವಣ ಮತ್ತು ತಾರ್ಕರ್ಲಿಯ ಕಡಲೂ ಇದೇ ಬಗೆಯದು. ಅಂಡಮಾನಿನಲ್ಲಿ ಮೇ ಮೊದಲಲ್ಲಿ ನೀರು 29ರಿಂದ 30 ಡಿಗ್ರಿ ಇರುತ್ತದೆ. ಅಲ್ಲಿ ನಿಮ್ಮ ಪತ್ನಿಗೆ 3 ಮಿ.ಮೀ. ಸ್ವಲ್ಪ ಹೆಚ್ಚೆನಿಸಬಹುದು, ನಿಮಗೆ ಎನಿಸಲಾರದು. ನಿಮ್ಮ ಯೋಜನೆಯಲ್ಲಿ ನಿಜವಾಗಿ ತಣ್ಣಗಿರುವ ನೀರು ಯಾವುದು ಗೊತ್ತೇ? ಡಿಸೆಂಬರಿನ ಪುಣೆಯ ಈಜುಕೊಳ. ತೆರೆದ, ಬಿಸಿಮಾಡದ ಕೊಳವಾದರೆ ರಾತ್ರಿಯ ಚಳಿಗೆ ಅದು ನಮ್ಮ ಕಡಲಿಗಿಂತ ಬಹಳ ತಣ್ಣಗಾಗಿರುತ್ತದೆ, ಮತ್ತು ತರಬೇತಿಯ ದಿನಗಳಲ್ಲಿ ನೀವು ಕೊಳದ ತಳದಲ್ಲಿ ಮಂಡಿಯೂರಿ ನಿಮ್ಮ ಸರದಿಗಾಗಿ ಕಾಯುತ್ತ ಬಹಳ ಹೊತ್ತು ಇರಬೇಕಾಗುತ್ತದೆ. ಬೋಧಕರನ್ನು ಮೊದಲೇ ವಿಚಾರಿಸಿ, ಕೊಳದ ಪಾಠಕ್ಕೆ ಬಾಡಿಗೆಯ 5 ಮಿ.ಮೀ. ಸೂಟ್ ಸಿಗುವುದಾದರೆ ತೆಗೆದುಕೊಳ್ಳಿ. ಅದರ ಉಪಯೋಗ ಅಲ್ಲಿದೆ.

ಇನ್ನು ಶಾರ್ಟಿಯ ಮಾತು. ಶಾಖದ ದೃಷ್ಟಿಯಿಂದ ಮಾತ್ರ ನೋಡಿದರೆ ಅಂಡಮಾನಿನಂಥ ಕಡೆ ಅದು ಕೆಲವರಿಗೆ ಸಾಕಾದೀತು. ನಾನು ಬೇಡ ಎನ್ನುವುದು ಚರ್ಮದ ಸಲುವಾಗಿ. ನಮ್ಮ ನೀರಿನಲ್ಲಿ ಕುಟುಕುವ ಜೀವಿಗಳು ಬಹಳ: ಅಂಬಲಿ ಮೀನುಗಳ (ಜೆಲ್ಲಿಫಿಶ್) ತುಂಡಾದ ಎಳೆಗಳು ಕಣ್ಣಿಗೆ ಕಾಣದೆ ತೇಲುತ್ತಿರುತ್ತವೆ, ಬಂಡೆಯ ಮೇಲೆ ಗರಿಯಂತೆ ಬೆಳೆದ ಹೈಡ್ರಾಯ್ಡ್‌ಗಳು ಸಸ್ಯದಂತೆ ಕಂಡರೂ ಸೋಕಿದರೆ ಚರ್ಮ ಉರಿದು ದಿನಗಟ್ಟಲೆ ತುರಿಸುತ್ತದೆ. ಗ್ರಾಂದೆ ದ್ವೀಪದ ಬಳಿ ಮುಳುಗಿರುವ ಹಳೆಯ ಹಡಗಿನ ಕಬ್ಬಿಣಕ್ಕೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ನೋಟ ಮೂರು ಮೀಟರಿರುವ ದಿನ, ಅಲೆಯ ತಳ್ಳಾಟವಿರುವಾಗ, ಹೊಸಬರ ಮೊಣಕಾಲು ಎಲ್ಲಿ ತಾಗುತ್ತದೆಂದು ಹೇಳಲಾಗದು. ಮುಚ್ಚಿರದ ಮೊಣಕಾಲಿನ ಮೇಲಿನ ಗೀರು ಕಡಲ ನೀರಿನಲ್ಲಿ ನಿಧಾನವಾಗಿ ಮಾಯುತ್ತದೆ, ಕೆಲವೊಮ್ಮೆ ಕೀವಾಗುತ್ತದೆ. ಪೂರ್ಣ ಸೂಟ್ ಇವೆಲ್ಲದರಿಂದ, ಜೊತೆಗೆ ದೋಣಿಯ ಬಿಸಿಲಿನಿಂದಲೂ ಕಾಪಾಡುತ್ತದೆ. ಹಾಗೆಂದು ಸೂಟ್ ಹಾಕಿದ್ದೇನೆಂಬ ಧೈರ್ಯದಲ್ಲಿ ಹವಳದ ಮೇಲೆ ಕೈಯೂರುವುದು ಕೂಡದು. ಅಲ್ಲಿ ಗಾಯವಾಗುವುದು ಹವಳಕ್ಕೆ.

ಈಗ ಅಳತೆಯ ವಿಷಯ. ಬೇರೆಲ್ಲವನ್ನೂ ಮರೆತರೂ ಇದೊಂದನ್ನು ನೆನಪಿಡಿ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಕಲಿಯುತ್ತಿದ್ದ ಒಬ್ಬ ಹೆಣ್ಣುಮಗಳು, ಫೆಬ್ರುವರಿಯ ಒಳ್ಳೆಯ ದಿನ, ಎರಡನೆಯ ಡೈವ್‌ನ ಇಪ್ಪತ್ತನೆಯ ನಿಮಿಷಕ್ಕೇ ಗಾಳಿ ಮುಗಿಯುತ್ತ ಬಂದಿದೆ ಎಂದು ಸನ್ನೆ ಮಾಡಿದರು. ಗುಂಪಿನ ಉಳಿದವರ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಿತ್ತು. ನಾನು ಅದನ್ನು ಭಯದ ಉಸಿರಾಟ ಎಂದುಕೊಂಡೆ. ದೋಣಿಗೆ ಹತ್ತಿದ ಮೇಲೆ ನೋಡಿದರೆ ಅವರ ಕೈಗಳು ನಡುಗುತ್ತಿದ್ದವು, ಬಕಲ್ ಬಿಚ್ಚಲು ಬೆರಳು ಕೇಳುತ್ತಿರಲಿಲ್ಲ. ಅವರಿಗೆ ಕೊಟ್ಟಿದ್ದ ಸೂಟ್ 3 ಮಿ.ಮೀ.ಯದೇ, ಹೊಸದೇ, ಆದರೆ ಗಂಡಸರ ಅಳತೆಯದು. ಸೊಂಟದ ಹಿಂದೆ ಒಂದು ಅಂಗೈ ಹಿಡಿಸುವಷ್ಟು ಜಾಗ ಉಳಿದಿತ್ತು. ಇಪ್ಪತ್ತು ನಿಮಿಷವೂ ಬೆನ್ನಿನುದ್ದಕ್ಕೂ ತಣ್ಣೀರು ಓಡಾಡುತ್ತಲೇ ಇತ್ತು. ಅದನ್ನು ಇಳಿಯುವ ಮೊದಲೇ ನಾನು ನೋಡಬೇಕಾಗಿತ್ತು. ಅಂದಿನಿಂದ ಪ್ರತಿಯೊಬ್ಬರ ಬೆನ್ನಿನ ಕೆಳಭಾಗವನ್ನು ಕೈಯಿಂದ ಒತ್ತಿ ನೋಡದೆ ನಾನು ಯಾರನ್ನೂ ನೀರಿಗಿಳಿಸಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಸೂಟ್ ತೊಟ್ಟು ಜಿಪ್ ಏರಿಸಿದಾಗ ಒಣ ಮೈಗೆ ಬಿಗಿಯೆನಿಸಬೇಕು, ನೋವೆನಿಸಬಾರದು. ನೀರಿಗಿಳಿದರೆ ನಿಯೊಪ್ರೀನ್ ಸ್ವಲ್ಪ ಸಡಿಲುತ್ತದೆ. ನೀರು ನಿಲ್ಲುವ ಜಾಗಗಳು ನಾಲ್ಕು: ಬೆನ್ನಿನ ಕೆಳಭಾಗ, ಕಂಕುಳು, ತೊಡೆಸಂದು, ಕತ್ತಿನ ಹಿಂಭಾಗ. ಅಲ್ಲೆಲ್ಲ ಬಟ್ಟೆ ಚರ್ಮಕ್ಕೆ ಕೂತಿರಬೇಕು. ಚಿವುಟಿದರೆ ಹಿಡಿಯುವಷ್ಟು ಬಟ್ಟೆ ಸಿಕ್ಕಿದರೆ ಅದು ನಿಮ್ಮ ಅಳತೆಯಲ್ಲ. ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಕುಕ್ಕರಗಾಲಲ್ಲಿ ಕುಳಿತು ಏಳಿ, ಬೆನ್ನ ಹಿಂದಿನ ಸಿಲಿಂಡರಿನ ಕವಾಟವನ್ನು ಮುಟ್ಟುವಂತೆ ಕೈಯನ್ನು ಹಿಂದೆ ಚಾಚಿ. ಹೆಗಲು ಎಳೆದರೆ ಸೂಟಿನ ಉದ್ದ ಸಾಲದು ಎಂದರ್ಥ. ತೆಳ್ಳಗೆ ಎತ್ತರವಾಗಿರುವವರಿಗೆ ಇದು ಸಾಮಾನ್ಯ ತೊಂದರೆ: ಉದ್ದ ಸರಿಹೋದರೆ ಎದೆ ಸಡಿಲ, ಎದೆ ಸರಿಹೋದರೆ ಉದ್ದ ಸಾಲದು. ಕೆಲವು ಕಂಪನಿಗಳು ಮೀಡಿಯಂ ಟಾಲ್ ಎಂಬ ಅಳತೆಯನ್ನು ಮಾಡುತ್ತವೆ, ನಿಮಗೆ ಅದು ಹೊಂದಬಹುದು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರುವುದು ಸಾಮಾನ್ಯವಾದ್ದರಿಂದ, ಎಸ್, ಎಂ, ಎಲ್ ಅಕ್ಷರಗಳನ್ನು ನಂಬದೆ ಎದೆ, ಸೊಂಟ, ಪೃಷ್ಠ, ಎತ್ತರ, ತೂಕ ಈ ಐದನ್ನೂ ಆಯಾ ಕಂಪನಿಯ ಅಳತೆಪಟ್ಟಿಯೊಂದಿಗೆ ಹೋಲಿಸಿ. ಆನ್‌ಲೈನಿನಲ್ಲಿ ತರಿಸುವುದಾದರೆ ಮರಳಿಸಲು ಅವಕಾಶವಿರುವಲ್ಲಿ ಮಾತ್ರ ತರಿಸಿ.

ನಿಮ್ಮ ಪತ್ನಿಯ ಅಳುಕು ಸುಳ್ಳು ಅಳುಕಲ್ಲ, ಅದನ್ನು ಬದಿಗೆ ತಳ್ಳಬೇಡಿ. ಕತ್ತಿನ ಪಟ್ಟಿ ಅತಿ ಬಿಗಿಯಾಗಿದ್ದರೆ ಕತ್ತಿನ ಎರಡು ಬದಿಯ ಮುಖ್ಯ ರಕ್ತನಾಳಗಳ ಮೇಲೆ ಒತ್ತಡ ಬಿದ್ದು, ಹೃದಯದ ಬಡಿತ ನಿಧಾನವಾಗಿ, ತಲೆ ಹಗುರಾದಂತೆ ಆಗುವುದು ಸಾಧ್ಯ. ಕೆಲವರು ಎಚ್ಚರ ತಪ್ಪುವುದೂ ಉಂಟು. ಅಂಗಡಿಯಲ್ಲಿ ತೊಟ್ಟು ಹತ್ತು ನಿಮಿಷ ಓಡಾಡಿದಾಗ ತಲೆ ಸುತ್ತಿದಂತಾದರೆ ಆ ಸೂಟನ್ನು ಎಂದಿಗೂ ಕೊಳ್ಳಬಾರದು. ಎದೆಯ ಭಾಗದಲ್ಲಿ ಹೊಟ್ಟೆ ತುಂಬ ಉಸಿರೆಳೆದುಕೊಳ್ಳಲು ತಡೆಯಾಗಬಾರದು. ಆದರೆ ದಡದ ಮೇಲೆ ಬಿಗಿಯೆನಿಸಿದ್ದು ನೀರಿನಲ್ಲಿ ಬಹುಪಾಲು ಮರೆತುಹೋಗುತ್ತದೆ ಎಂಬುದನ್ನೂ ಅವರಿಗೆ ಹೇಳಿ. ಮೊದಲ ಸಲ ಈಜುಕೊಳದ ಎದೆಮಟ್ಟದ ನೀರಿನಲ್ಲಿ ನಿಂತು, ಕತ್ತಿನ ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಎಳೆದು ಒಳಕ್ಕೆ ನೀರು ಬಿಟ್ಟುಕೊಂಡರೆ ಒಡನೆ ಹಗುರಾಗುತ್ತದೆ. ಮುಂಭಾಗದಲ್ಲಿ ಜಿಪ್ ಇರುವ ಸೂಟ್ ಅವರಿಗೆ ಒಳ್ಳೆಯದು, ಏಕೆಂದರೆ ಯಾರ ನೆರವೂ ಇಲ್ಲದೆ ತಾವೇ ಸಡಿಲಿಸಿಕೊಳ್ಳಬಹುದು ಎಂಬ ಭರವಸೆಯಿಂದಲೇ ಅರ್ಧ ಅಳುಕು ಹೋಗುತ್ತದೆ. ಹೆಣ್ಣುಮಕ್ಕಳಿಗಾಗಿಯೇ ಕತ್ತರಿಸಿದ ಸೂಟನ್ನೇ ಕೇಳಿ. ಮೈಗಂಟಿದ ಉಡುಪಿನ ಬಗ್ಗೆ ಸಂಕೋಚವಿದ್ದರೆ ಅದರ ಮೇಲೆ ಈಜುಡುಪಿನ ಸಡಿಲ ಚಡ್ಡಿಯೊಂದನ್ನು ಹಾಕಿಕೊಳ್ಳಬಹುದು, ಡೈವಿಂಗ್‌ಗೆ ಅಡ್ಡಿಯಿಲ್ಲ. ಬಳೆ, ಮಂಗಳಸೂತ್ರ, ಕಾಲುಂಗುರಗಳನ್ನು ತೆಗೆದಿಟ್ಟು ಬರುವುದು ಲೇಸು. ಕಾಲುಂಗುರ ಒಳಪದರಕ್ಕೆ ಸಿಕ್ಕಿ ಹರಿದದ್ದನ್ನು, ಗಾಜಿನ ಬಳೆ ತೋಳಿನೊಳಗೆ ಒಡೆದು ಗಾಯವಾದದ್ದನ್ನು ನಾನು ನೋಡಿದ್ದೇನೆ. ತೆಗೆಯಲು ಮನಸ್ಸಿಲ್ಲದಿದ್ದರೆ ಬೋಧಕರಿಗೆ ಮೊದಲೇ ತಿಳಿಸಿ, ಕಾಲುಂಗುರಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಆಗುತ್ತದೆ.

ಮಗಳ ವಿಷಯದಲ್ಲಿ ಕೊಳ್ಳಬೇಡಿ ಎಂದದ್ದು ಹಣದ ಕಾರಣಕ್ಕಷ್ಟೇ ಅಲ್ಲ. ಹನ್ನೊಂದರ ಮಗುವಿಗೆ ಇಂದು ಸರಿಯಾದ ಸೂಟ್ ಆರು ತಿಂಗಳಿಗೆ ಗಿಡ್ಡವಾಗುತ್ತದೆ. ಬೆಳೆಯುತ್ತಾಳೆಂದು ದೊಡ್ಡದು ತಂದರೆ, ಶಾಲೆಯ ಸಮವಸ್ತ್ರಕ್ಕೆ ಸಲ್ಲುವ ಆ ಲೆಕ್ಕ ಇಲ್ಲಿ ಮಗುವಿಗೆ ಚಳಿ ಹಿಡಿಸುತ್ತದೆ. ಮಕ್ಕಳ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಅವರು ನಮಗಿಂತ ಬೇಗ ತಣ್ಣಗಾಗುತ್ತಾರೆ, ಮತ್ತು ಆಟದ ಉಮೇದಿನಲ್ಲಿ ಚಳಿಯೆಂದು ಹೇಳುವುದಿಲ್ಲ. ಈ ವಯಸ್ಸಿನವರಿಗೆ ಆಳದ ಮಿತಿ 12 ಮೀಟರ್. ಬಾಡಿಗೆಗೆ ಮಕ್ಕಳ ಅಳತೆಯ ಪೂರ್ಣ ಸೂಟ್ ಇದೆಯೇ ಎಂದು ಗೋವಾದ ಕೇಂದ್ರವನ್ನು ಈಗಲೇ ಕೇಳಿ. ಇಲ್ಲ, ದೊಡ್ಡವರದನ್ನೇ ಮಡಿಸಿ ಹಾಕುತ್ತೇವೆ ಎಂದರೆ ಬೇರೆ ಕೇಂದ್ರ ನೋಡಿ. ಅಳತೆಗೆ ಸರಿಯಾದ 3 ಮಿ.ಮೀ. ಸೂಟಿನ ಒಳಗೆ ಮೈಗೊಪ್ಪುವ ತೆಳುವಾದ ನಿಯೊಪ್ರೀನ್ ಬನಿಯನ್ ಸಿಕ್ಕಿದರೆ ಅವಳಿಗೆ ಅನುಕೂಲ.

ಅಂಥ ಬನಿಯನ್, ಟೋಪಿ ಕೂಡಿದ್ದಾದರೆ ಇನ್ನೂ ಒಳ್ಳೆಯದು, ನಿಮಗೂ ಹೊಂದುತ್ತದೆ. ಬೇಗ ಚಳಿಯಾಗುವವರಿಗೆ 5 ಮಿ.ಮೀ. ಸೂಟಿಗಿಂತ, 3 ಮಿ.ಮೀ. ಸೂಟಿನ ಒಳಗೆ ಎದೆಬೆನ್ನು ಮುಚ್ಚುವ 2 ಮಿ.ಮೀ. ಬನಿಯನ್ ಹಾಕಿಕೊಳ್ಳುವುದೇ ಜಾಣತನ. ಮೊದಲ ಡೈವ್‌ನಲ್ಲಿ ಬೇಡವಾದರೆ ತೆಗೆದಿಡಬಹುದು, ಎರಡನೆಯದಕ್ಕೆ ಹಾಕಿಕೊಳ್ಳಬಹುದು, ಅಂಡಮಾನಿಗೆ ಒಯ್ಯದೆಯೂ ಇರಬಹುದು. ಲೈಕ್ರಾ ಬಟ್ಟೆಯ ಅಂಗಿಯಾದ ರ‍್ಯಾಶ್ ಗಾರ್ಡ್ ಬೇರೆ ವಸ್ತು; ಅದು ಬಿಸಿಲು ಮತ್ತು ಕುಟುಕುಗಳಿಂದ ಕಾಯುತ್ತದೆ, ಸೂಟ್ ಸುಲಭವಾಗಿ ಜಾರಿ ಬರಲು ನೆರವಾಗುತ್ತದೆ, ಬಾಡಿಗೆಯ ಸೂಟ್ ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ, ಆದರೆ ಬೆಚ್ಚಗಿಡುವುದಿಲ್ಲ. ಮೂವರಿಗೂ ಪೂರ್ಣ ತೋಳಿನ ಒಂದೊಂದು ರ‍್ಯಾಶ್ ಗಾರ್ಡ್ ಈಗಲೇ ಕೊಳ್ಳಿ. ಆ ಖರ್ಚು ವ್ಯರ್ಥವಾಗದು.

ಹೊಲಿಗೆ, ಜಿಪ್, ಒಳಪದರಗಳ ಬಗ್ಗೆ ಜಾಹೀರಾತುಗಳಲ್ಲಿ ಬಹಳ ಬರೆದಿರುತ್ತಾರೆ. ಬೆಚ್ಚನೆಯ ನೀರಿಗೆ ಚಪ್ಪಟೆಯಾಗಿ ಕೂರುವ ಸಾಧಾರಣ ಹೊಲಿಗೆ ಸಾಕು. ಅಂಟು ಹಾಕಿ, ಸೂಜಿ ಆಚೆ ದಾಟದಂತೆ ಹೊಲಿದು, ಮೇಲೆ ಪಟ್ಟಿ ಬಡಿದ ದುಬಾರಿ ಹೊಲಿಗೆ ಚಳಿನಾಡಿನವರಿಗೆ. ಒಳಗಿನ ಹೊಲಿಗೆ ಉಬ್ಬಿಕೊಂಡು ಕಂಕುಳನ್ನು ಉಜ್ಜದಿದ್ದರೆ ಆಯಿತು. ಮಂಡಿಯ ಮೇಲೆ ಗಟ್ಟಿ ಪಟ್ಟಿ ಇರಲಿ. ಬೆನ್ನ ಜಿಪ್ಪಿನ ಹಿಂದೆ ನೀರು ತಡೆಯುವ ಒಳಪಟ್ಟಿ ಇದೆಯೇ ನೋಡಿ. ಬಂಗಾರದ ಬಣ್ಣದ, ಟೈಟಾನಿಯಂ ಹೆಸರಿನ ಒಳಪದರಗಳಿಗೆ ನಮ್ಮ ಕಡಲಿನಲ್ಲಿ ಹೆಚ್ಚು ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮರದ ಹಾಲಿನಿಂದ ತೆಗೆದ ರಬ್ಬರಿನ ಸೂಟುಗಳು ಈಚೆಗೆ ಬರುತ್ತಿವೆ. ನಿಯೊಪ್ರೀನ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳ ಬಗ್ಗೆ ಕಳಕಳಿ ಇರುವವರು, ಕೈಗೆಟುಕುವುದಾದರೆ ಅವುಗಳನ್ನು ಪರಿಗಣಿಸಬಹುದು.

ಹೊಸ ಸೂಟ್ ಬಂದ ಮೇಲೆ ಸೀಸದ ತೂಕವನ್ನು ಮತ್ತೆ ಲೆಕ್ಕ ಹಾಕಲೇಬೇಕು. ಬಾಡಿಗೆಯ ಹಳೆಯ ಸೂಟಿನ ಗುಳ್ಳೆಗಳು ನೂರಾರು ಡೈವ್‌ಗಳಲ್ಲಿ ಜಜ್ಜಿಹೋಗಿರುತ್ತವೆ, ಹೊಸದು ಅದಕ್ಕಿಂತ ಹೆಚ್ಚು ತೇಲುತ್ತದೆ. ಸಿಲಿಂಡರಿನಲ್ಲಿ ಸುಮಾರು 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗ, ಜಾಕೆಟ್ಟಿನ ಗಾಳಿಯನ್ನೆಲ್ಲ ತೆಗೆದು, ಸಾಮಾನ್ಯ ಉಸಿರನ್ನು ಹಿಡಿದು ನೇರವಾಗಿ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ, ಡೈವ್‌ನ ಹೊತ್ತಿಗೆ ಖರ್ಚಾಗುವ ಗಾಳಿಯ ತೂಕ ಸುಮಾರು 2 ಕಿಲೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಣೆಯ ಕೊಳದ ಸಿಹಿನೀರಿಗೆ ಸರಿಹೋದ ತೂಕ ಗೋವಾದ ಉಪ್ಪುನೀರಿಗೆ ಸಾಲುವುದಿಲ್ಲ, ಅಲ್ಲಿ ಇನ್ನೊಂದೆರಡು ಕಿಲೋ ಬೇಕಾಗುತ್ತದೆ.

ಚಳಿಯಷ್ಟೇ ಸೆಕೆಯ ಬಗ್ಗೆಯೂ ಎಚ್ಚರವಿರಲಿ. ಅಂಡಮಾನಿನ ಮೇ ಬಿಸಿಲಿನಲ್ಲಿ ಜಿಪ್ ಏರಿಸಿಕೊಂಡು ಅರ್ಧ ಗಂಟೆ ದೋಣಿಯಲ್ಲಿ ಕುಳಿತರೆ ಮೈ ಕುದಿಯುತ್ತದೆ. ಇಳಿಯುವ ಹತ್ತು ನಿಮಿಷದ ಮೊದಲಷ್ಟೇ ಸೊಂಟದಿಂದ ಮೇಲಕ್ಕೆ ಏರಿಸಿಕೊಳ್ಳಿ. ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ. ಮೂತ್ರಕ್ಕೆ ಹೋಗಲು ಸೂಟ್ ಬಿಚ್ಚಬೇಕಲ್ಲ ಎಂದು ಅನೇಕರು, ಮುಖ್ಯವಾಗಿ ಹೆಂಗಸರು, ಬೆಳಗಿನಿಂದ ನೀರು ಕುಡಿಯದೆ ಬರುತ್ತಾರೆ. ನೀರಿನಲ್ಲಿ ಮುಳುಗಿದ ದೇಹ ತಾನಾಗಿಯೇ ಹೆಚ್ಚು ಮೂತ್ರವನ್ನು ಹೊರಹಾಕುತ್ತದೆ. ಮೈಯಲ್ಲಿ ನೀರಿನಂಶ ಇಳಿದಿರುವುದು ಡೈವರ್‌ಗಳಿಗೆ ಒಳ್ಳೆಯದಲ್ಲ. ಡೈವ್‌ನ ಕೊನೆಯ ಭಾಗದಲ್ಲಿ, ಮೇಲೇರುವಾಗ ಮತ್ತು 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವಾಗ, ಮೈ ತಣ್ಣಗಿದ್ದರೆ ಚರ್ಮದ ಕಡೆಗೆ ರಕ್ತ ಸಂಚಾರ ಕುಗ್ಗಿ, ಆಳದಲ್ಲಿ ಉಸಿರಿನ ಗಾಳಿಯಿಂದ ಮೈಯಲ್ಲಿ ಕರಗಿದ, ಉಳಿದರೆ ಗುಳ್ಳೆಗಟ್ಟಿ ಅಪಾಯ ತರುವ ಸಾರಜನಕ ಹೊರಬರುವುದು ನಿಧಾನವಾಗುತ್ತದೆ. ಬೆಚ್ಚಗಿರುವುದು ಸುಖದ ಮಾತಷ್ಟೇ ಅಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೊಂಡ ಸೂಟನ್ನು ಪ್ರತಿ ದಿನದ ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಒಳಗೂ ಹೊರಗೂ ಜಾಲಿಸಿ, ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ ನೆರಳಿನಲ್ಲಿ ಒಣಗಿಸಿ. ಒಳಭಾಗ ಮೊದಲು ಒಣಗಲಿ. ಬಿಸಿಲು ನಿಯೊಪ್ರೀನನ್ನು ಗಡುಸಾಗಿಸುತ್ತದೆ, ವಾಷಿಂಗ್ ಮಷಿನ್ ಅದನ್ನು ಹಾಳುಮಾಡುತ್ತದೆ. ಮುಂಬಯಿ, ಪುಣೆ, ಗೋವಾ ಎಲ್ಲಿಯಾದರೂ ಸೂಟಿಗೆ ನಿಜವಾದ ಶತ್ರು ಮಳೆಗಾಲ: ಅರೆಬರೆ ಒಣಗಿದ್ದನ್ನು ಚೀಲದಲ್ಲಿಟ್ಟು ಕಪಾಟು ಮುಚ್ಚಿದರೆ ದಸರೆಯ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ. ಜೂನಿಗೆ ಮೊದಲು ಚೆನ್ನಾಗಿ ಒಣಗಿಸಿ, ಮಡಿಸದೆ, ಗಾಳಿಯಾಡುವ ಕಡೆ ತೂಗುಹಾಕಿ. ಮಡಿಸಿಟ್ಟರೆ ಮಡಿಕೆಯ ಗೆರೆಯಲ್ಲಿ ಗುಳ್ಳೆಗಳು ಸತ್ತುಹೋಗುತ್ತವೆ. ತೊಡುವಾಗ ಉಗುರಿನಿಂದ ಎಳೆಯದೆ ಬೆರಳಿನ ತುದಿಯ ಮಾಂಸದಿಂದ ಮೇಲಕ್ಕೆ ಸರಿಸಬೇಕು. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಇಳಿಯುತ್ತದೆ, ಆದರೆ ಆ ಚೀಲ ಕಡಲಿಗೆ ಹಾರದಂತೆ ಜೇಬಿನಲ್ಲಿಟ್ಟುಕೊಳ್ಳಿ.

ಜನವರಿಯಲ್ಲಿ ಇಲ್ಲಿಗೆ ಬಂದಾಗ ಬಾಡಿಗೆಯ ಸೂಟುಗಳಲ್ಲಿ ಎರಡು ಮೂರು ಅಳತೆಗಳನ್ನು ಹಿಂದಿನ ಸಂಜೆಯೇ ತೊಟ್ಟು ನೋಡಿ, ಬೆಳಗಿನ ಅವಸರದಲ್ಲಲ್ಲ. ಯಾವ ಕಂಪನಿಯ ಯಾವ ಅಳತೆ ಹೊಂದಿತು, ಎಷ್ಟು ಸೀಸ ಬೇಕಾಯಿತು, ನೀರು ಎಷ್ಟು ಡಿಗ್ರಿ ಇತ್ತು, ಎಷ್ಟನೆಯ ನಿಮಿಷಕ್ಕೆ ಚಳಿ ಅನಿಸಿತು ಎಂಬುದನ್ನು ಡೈವ್ ಪುಸ್ತಕದಲ್ಲಿ ಅಂದೇ ಬರೆದಿಡಿ. ಮೇ ತಿಂಗಳಿಗೆ ಮೊದಲು ಅಂಗಡಿಗೆ ಹೋಗುವಾಗ ಆ ನಾಲ್ಕು ಸಾಲು ಸಾಕು. ಮಗಳು ದೋಣಿಯಲ್ಲಿ ನಡುಗುತ್ತಿದ್ದರೆ, ಅವಳು ಎಷ್ಟೇ ಹಟ ಮಾಡಲಿ, ಆ ದಿನ ಎರಡನೆಯ ಡೈವ್ ಬೇಡ.